ಎಂಟು ಕೈಗಳ ಹಿಡಿತ

ಚಿತ್ರದುರ್ಗದ ಸ್ಕ್ಯಾನಿಂಗ್ ಕೇಂದ್ರದಲ್ಲಿ ಎಂಆರ್‌ಐ ಚಿತ್ರ ಸ್ಪಷ್ಟವಾಗಲೆಂದು ಕೊಡುವ ಔಷಧದ ಸೂಜಿ ಪಾರ್ವತಮ್ಮನ ತೋಳಿಗೆ ತಾಗುವ ಮುನ್ನವೇ ಸೊಸೆ ದಾಕ್ಷಾಯಿಣಿ ಸೀಸೆಯ ಮೇಲಿನ ಹೆಸರನ್ನೋದಿ ಅಡ್ಡ ನಿಂತಳು. ಹೊಸದುರ್ಗದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುವ ಆಕೆಗೆ ಅತ್ತೆಯ ಮೂತ್ರಪಿಂಡಗಳ ದುರ್ಬಲತೆಯೂ ಗೊತ್ತು, ಆ ಔಷಧದ ಗುಣವೂ ಗೊತ್ತು.

“ಯಾವ್ದಾದ್ರೇನ್ರಿ ಮೇಡಮ್? ಎಲ್ಲದ್ರಾಗೂ ಇರೋದು ಗ್ಯಾಡೋಲಿನಿಯಮ್ಮೇ,” ಎಂದು ತಂತ್ರಜ್ಞ ನಕ್ಕ.

“ಲೋಹ ಒಂದೇ ಕಣಪ್ಪ, ಹಿಡಿತ ಬೇರೆ. ವಿಷದಂಥ ಆ ಲೋಹಾನ ಸುತ್ತಲಿನ ಅಣುವಿನ ಎಂಟು ಕೈ ಹಿಡ್ಕಂಡಿರ್ತವೆ, ಒಂಬತ್ತನೇ ಜಾಗದಾಗೆ ನೀರು ಬಂದು ಕೂತು ಚಿತ್ರ ಬೆಳಗಿಸ್ತೈತೆ. ಈ ಸೀಸೇಲಿರೋದು ತೆರೆದ ಸರಪಳಿ. ಕಿಡ್ನಿ ನಿಧಾನ ಆದ್ರೆ ಮೈಯೊಳಗೇ ಬಿಚ್ಕಂಡು ಲೋಹ ಹೊರಬೀಳ್ತೈತೆ. ನಮಗೆ ಬಳೆಯಂಗೆ ಸುತ್ತ ಮುಚ್ಚಿರೋದು ಬೇಕು.”

“ಇಲ್ಲಿರೋದು ಇದೇ. ಸುಮ್ನೆ ಸಹಿ ಹಾಕ್ರಿ.”

ದಾಕ್ಷಾಯಿಣಿ ಒಪ್ಪಿಗೆಯ ಹಾಳೆಯನ್ನು ಹಿಂದಕ್ಕೆ ತಳ್ಳಿದಳು. ಅದುವರೆಗೆ ಶಿವನಾಮಸ್ಮರಣೆಯಲ್ಲಿದ್ದ ಪಾರ್ವತಮ್ಮ ಎದ್ದು ಕುಳಿತು ಸೆರಗು ಸರಿಪಡಿಸಿಕೊಂಡಳು.

“ಲೇ ತಮ್ಮ, ಲಿಂಗ ಕಟ್ಟಿದ ಶಿವದಾರದ ಗಂಟು ಸಡಿಲಾದ್ರೆ ನಾನು ಹೊಸ್ತಿಲೇ ದಾಟಲ್ಲ. ಸಡಿಲ ಗಂಟಿನ ಲೋಹಾನ ನನ್ನ ರಕ್ತಕ್ಕೆ ಬಿಡ್ತೀಯಾ? ಬಳೇದು ತರ್ಸು. ಬರೋಗಂಟ ಈ ಮಂಚ ಬಿಟ್ಟು ಇಳಿಯಲ್ಲ.”

ಹೊರಗೆ ಸರದಿ ಬೆಳೆಯಿತು. ತಂತ್ರಜ್ಞ ಅತ್ತೆಯನ್ನು ನೋಡಿದ, ಸೊಸೆಯನ್ನು ನೋಡಿದ. ಕೊನೆಗೆ ಔಷಧದ ಅಂಗಡಿಗೆ ಫೋನು ಹಚ್ಚಿ, ದಾಕ್ಷಾಯಿಣಿ ಹೇಳಿಕೊಟ್ಟ ಹೆಸರನ್ನು ಒಂದೊಂದೇ ಅಕ್ಷರವಾಗಿ ಒಪ್ಪಿಸತೊಡಗಿದ.