ಭೂಮದೂಟದಲ್ಲಿ ಚಾಚಿದ ಕಾಲು

ಒನಕೆ ಬಿದ್ದದ್ದು ಯುಗಾದಿಗೆ ನಾಲ್ಕು ದಿನ ಮುಂಚೆ. ಗೌರಮ್ಮ ಭತ್ತ ಕುಟ್ಟಿ, ಒನಕೆಯನ್ನು ಗೋಡೆಗೆ ಒರಗಿಸಿ ನೀರು ಕುಡಿಯಲು ಒಳಗೆ ಹೋಗಿದ್ದಳು. ಅದು ಜಾರಿ, ಅಲ್ಲೇ ಕಾಲು ಚಾಚಿ ಕೂತಿದ್ದ ಗಂಡ ಚಿಕ್ಕಸ್ವಾಮಿಯ ಮಂಡಿಯ ಮೇಲೆ ಬಿತ್ತು. ಅವರ ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಎಣ್ಣೆ ನೀವಿದರು, ಪಟ್ಟು ಕಟ್ಟಿದರು. ಊತ ಇಳಿಯುವುದಿರಲಿ, ಮಂಡಿಯ ಮೇಲೆ ತೊಡೆಯೇ ಕಲ್ಲಿನಂತೆ ಗಟ್ಟಿಯಾಯಿತು. ಹೊಸಹೊಳಲಿನ ಪಕ್ಕದ ಆ ಪುಟ್ಟ ಊರಿಗೆ ಅಷ್ಟು ಸಾಕಾಯಿತು. ನಾಗಮಂಗಲದ ಕಡೆಯಿಂದ ಬಂದ ಹುಡುಗಿ ಗಂಡನ ಕಾಲು ತಿಂದಳು ಎಂದು ಬಾವಿಕಟ್ಟೆಯಲ್ಲಿ ತೀರ್ಪಾಗಿಹೋಯಿತು. ಅತ್ತೆ ದೊಡ್ಡತಾಯಮ್ಮ ಆ ಒನಕೆಯನ್ನು ಸೀಳಿಸಿ ಒಲೆಗೆ ಹಾಕಿದಳು.

ಕೃಷ್ಣರಾಜಪೇಟೆಯ ಡಾಕ್ಟರು ಮೈಸೂರಿಗೆ ಬರೆದುಕೊಟ್ಟರು. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ಊತದಿಂದ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಡಾಕ್ಟರು ಅತ್ತೆ ಸೊಸೆಯರನ್ನು ಮಂಚದ ಬಳಿಗೇ ಕರೆದು ಹೇಳಿದರು.

"ಇದು ಮೂಳೆಯ ಕ್ಯಾನ್ಸರ್. ಸಾರ್ಕೋಮ ಅಂತೀವಿ. ಇದಕ್ಕೆ ಇನ್ನೂ ಯಾರೂ ಔಷಧ ಕಂಡುಹಿಡಿದಿಲ್ಲ, ಕಾಲು ತೆಗೀಬೇಕು. ತೆಗೆದ ಮೇಲೂ ಎದೆಗೆ ಹರಡಿದೆಯೋ ಇಲ್ಲವೋ ಅಂತ ಕಾದು ನೋಡಬೇಕು. ಇನ್ನೊಂದು ಮಾತು. ಈ ರೋಗ ಎಲ್ಲಿ ಹುಟ್ಟುತ್ತೆ, ಹೇಗೆ ಹರಿಯುತ್ತೆ ಅಂತ ಇಂಥ ಮೂಳೆಗಳನ್ನ ಸೀಳಿ ನೋಡ್ತಿದ್ದೀನಿ. ಆ ಕಾಲನ್ನ ನನಗೆ ಕೊಡ್ತೀರಾ?"

"ಅದೆಲ್ಲ ಆಗಾಕಿಲ್ಲ ಸ್ವಾಮಿ," ಎಂದಳು ದೊಡ್ಡತಾಯಮ್ಮ. "ಒಲದಲ್ಲಿ ಅವರಪ್ಪನ ಗುಡ್ಡೆ ಪಕ್ಕ ಮಣ್ಣಿಗಿಡ್ಬೇಕು. ನಾಳೆ ನನ್ ಮಗ ಮೇಲಕ್ಕೋಗೋವಾಗ ಒಂಟಿ ಕಾಲಲ್ಲಿ ಓಗ್ಬೇಕಾ?"

ಮಂಚದ ಮೇಲಿದ್ದ ಚಿಕ್ಕಸ್ವಾಮಿ ಅವ್ವನಿಗಿಂತ ಜೋರಾಗಿ ಕೂಗಿದ. "ಸೀಳೋದ್ ಬ್ಯಾಡ! ಅಂಗೇ ಮಣ್ಮಾಡ್ಬುಡಿ."

ಗೌರಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ವರಾಂಡದ ಉದ್ದಕ್ಕೂ ಹೋದಳು, ಬಂದಳು, ನರ್ಸಿನ ಕೈಲಿ ಬೈಸಿಕೊಂಡು ಕೂತಳು, ಮತ್ತೆ ಎದ್ದಳು. ಗಂಡ ಉಳಿದರೆ ಕಾಲು ಮುರಿದವಳು, ಉಳಿಯದಿದ್ದರೆ ಗಂಡನನ್ನೇ ಕೊಂದವಳು. ಬದುಕಿರುವಷ್ಟು ದಿನವೂ ಅವಳಿಗೆ ಎರಡರಲ್ಲಿ ಒಂದು ಹೆಸರು ಖಾಯಂ. ಡಾಕ್ಟರು ಹೊರಗೆ ಬಂದದ್ದೇ ಅಡ್ಡ ನಿಂತಳು.

"ಸ್ವಾಮಿ, ಇದು ಒನಕೆ ಏಟಿಗೇ ಬಂದದ್ದಾ?"

"ಪೆಟ್ಟಿನಿಂದ ಇದು ಬರೋದಿಲ್ಲಮ್ಮ. ಪೆಟ್ಟು ಬಿದ್ದಾಗ ಎಲ್ಲರ ಕಣ್ಣು ಅಲ್ಲಿಗೆ ಹೋಗುತ್ತೆ, ಅಷ್ಟೇ."

"ಬಾಯಿ ಮಾತಲ್ಲಿ ಏಳಿದ್ರೆ ನಮ್ಮೂರೋರು ನಂಬಾಕಿಲ್ಲ. ನಂಗೂ ನೋಡ್ಬೇಕು. ಸೀಳಿ ನನಗೆ ತೋರ್ಸಿ, ಆಮೇಲೆ ನಮ್ ಕಾಲು ನಮಗೆ ಕೊಡಿ."

ಡಾಕ್ಟರು ಅವಳ ಮುಖವನ್ನೇ ನೋಡಿ ಹೂಂ ಎಂದರು. ಗಂಡ ಬೇಡವೆಂದದ್ದು ಅವಳಿಗೆ ನೆನಪಿರಲಿಲ್ಲವೆಂದಲ್ಲ.

ಆಪರೇಷನ್ ಆದ ಮಾರನೆಯ ದಿನ ಡಾಕ್ಟರು ಅವಳನ್ನು ಒಂದು ಕೋಣೆಗೆ ಕರೆದರು. ತಟ್ಟೆಯಲ್ಲಿ ಉದ್ದಕ್ಕೆ ಸೀಳಿದ ಮೂಳೆ ಇತ್ತು. ಗೌರಮ್ಮ ಅದರಿಂದ ಕಣ್ಣು ಕೀಳಲಿಲ್ಲ.

"ಒನಕೆ ಬಿದ್ದದ್ದು ಇಲ್ಲಿ, ಮಂಡಿಚಿಪ್ಪಿನ ಮೇಲೆ. ಇಲ್ಲಿ ಬಿರುಕೂ ಇಲ್ಲ, ಏನೂ ಇಲ್ಲ. ರೋಗ ಹುಟ್ಟಿರೋದು ಇದರ ಮೇಲೆ, ತೊಡೆ ಮೂಳೆಯ ಒಳಗೆ. ನೋಡಿ, ಒಳಗಿಂದ ಬೆಳೆದು ಮೂಳೆ ಒಡೆದು ಹೊರಗೆ ಬಂದಿದೆ. ಇಷ್ಟಾಗೋಕೆ ತಿಂಗಳುಗಟ್ಟಲೆ ಬೇಕು. ಮೊದಲೇ ನೋವಿತ್ತಾ ಅಂದ್ರೆ ನಿಮ್ಮ ಯಜಮಾನರು ಇಲ್ಲ ಅಂತಾರೆ. ಇಲ್ಲದೇ ಇರೋದು ಸಾಧ್ಯವೇ ಇಲ್ಲ."

ಗೌರಮ್ಮನಿಗೆ ಮದುವೆಯ ಭೂಮದೂಟ ನೆನಪಾಯಿತು. ಗಂಡು ಹೆಣ್ಣು ಒಟ್ಟಿಗೆ ಉಣ್ಣುವ ಆ ಊಟಕ್ಕೆ ಎಲ್ಲರೂ ಚಕ್ಕಳಮಕ್ಕಳ ಹಾಕಿದ್ದರೆ ಮದುಮಗ ಮಾತ್ರ ಎಡಗಾಲು ಚಾಚಿ ಕೂತಿದ್ದ. ಪಟೇಲರ ಗತ್ತು ಕಣವ್ವ ಎಂದು ಹೆಂಗಸರು ನಕ್ಕಿದ್ದರು. ಅವಳೂ ಸೆರಗಿನೊಳಗೆ ನಕ್ಕಿದ್ದಳು. ಒನಕೆ ಬಿದ್ದ ದಿನ ಚಾಚಿದ್ದೂ ಅದೇ ಕಾಲು.

ಅವಳು ವಾರ್ಡಿಗೆ ಓಡಿದಳು.

"ಭೂಮಕ್ಕೆ ಕಾಲು ಚಾಚ್ಕೊಂಡು ಕೂತಿದ್ರಲ್ಲ, ಆಗ್ಲೇ ನೋಯ್ತಿತ್ತಾ?"

ಚಿಕ್ಕಸ್ವಾಮಿ ಗೋಡೆಯ ಕಡೆ ತಿರುಗಿದ. ಗೋಡೆಗೇ ಹೇಳಿದ. "ನೋಯ್ತಿತ್ತು. ಏಳಿದ್ರೆ ನೀನು ಬತ್ತಿರ್ಲಿಲ್ಲ."

"ಊರೆಲ್ಲ ನನ್ ಮಕಕ್ಕೆ ಉಗೀತಿದ್ದಾಗ?"

ಅವನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ. ಗೌರಮ್ಮನಿಗೆ ಅವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಅಷ್ಟೇ ಕರುಳೂ ಚುರ್ರೆಂದಿತು. ಎರಡನ್ನೂ ಒಟ್ಟಿಗೆ ತಡೆಯಲಾಗದೆ ಹೊರಗೆ ಹೋಗಿ ನಲ್ಲಿಗೆ ಮುಖವೊಡ್ಡಿದಳು. ಮುಖ ಒರೆಸಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ, ಕಾಲನ್ನು ಬಿಳಿ ಪಂಚೆಯಲ್ಲಿ ಸುತ್ತಿಸಿಕೊಂಡು ದೊಡ್ಡತಾಯಮ್ಮ ಮಗನ ಬಳಿ ನಿಂತಿದ್ದಳು.

"ಅವ್ವ, ಅದನ್ನ ಅವಳ ಕೈಗೆ ಕೊಡು," ಅನ್ನುತ್ತಿದ್ದ ಚಿಕ್ಕಸ್ವಾಮಿ. "ಮದ್ವೆಗೆ ಮುಂಚೇನೇ ನೋವಿತ್ತು ಅಂತ ನಿಂಗೊತ್ತಿಲ್ವಾ?"

"ಸುಮ್ಕಿರ್ಲಾ," ಎಂದಳು ದೊಡ್ಡತಾಯಮ್ಮ ಮೆಲ್ಲಗೆ. "ಅವಳಿಗೆ ಕೇಳುಸ್ತದೆ."

ಗೌರಮ್ಮ ಒಳಗೆ ಬಂದು ಆ ಗಂಟನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. ಚಿಕ್ಕಸ್ವಾಮಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಅತ್ತೆ ಸೊಸೆ ಊರಿನ ಬಸ್ಸು ಹತ್ತಿದರು. ಶ್ರೀರಂಗಪಟ್ಟಣ ದಾಟಿತು, ಪಾಂಡವಪುರ ದಾಟಿತು. ಪಕ್ಕದ ಸೀಟಿನ ಮುದುಕ, ಗಂಟನ್ನು ಕೆಳಗಿಡಬಾರದೇನಮ್ಮ ಎಂದು ಕೇಳಿದ. ಅವಳು ಇನ್ನೂ ಬಿಗಿಯಾಗಿ ಹಿಡಿದಳು.

ಹೊಲದಲ್ಲಿ ಮೈದುನ ದಾಸಯ್ಯ ಗುಂಡಿ ತೋಡಿದ್ದ. ಅರ್ಧ ಊರೇ ಸೇರಿತ್ತು. ದೊಡ್ಡತಾಯಮ್ಮ ಕೈ ಚಾಚಿದಳು. ಗೌರಮ್ಮ ಕೊಡಲಿಲ್ಲ, ಬದುವಿನ ಮೇಲೆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

"ಈ ಕಾಯ್ಲೆ ಯಾವಾಗ್ನಿಂದ ಇತ್ತು ಅಂತ ಎಲ್ರಿಗೂ ಏಳಿ ಅತ್ತೆ. ಏಳೋಗಂಟ ಇದನ್ನ ಮಣ್ಣಿಗೆ ಬುಡಾಕಿಲ್ಲ."

ಜನ ಗುಜುಗುಜು ಅಂದರು. ಬಿಸಿಲು ಏರುತ್ತಿತ್ತು. ದಾಸಯ್ಯ ಗುದ್ದಲಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. ಕೊನೆಗೆ ದೊಡ್ಡತಾಯಮ್ಮ ನೆಲ ನೋಡಿಕೊಂಡು ಗೊಣಗಿದಳು. "ಒನಕೆದಲ್ಲ ಕಣ್ರಪ್ಪಾ. ಮದ್ವೆಗೆ ಮುಂಚಿಂದ್ಲೂ ಇತ್ತು."

"ಇಂದೆ ನಿಂತಿರೋರ್ಗೆ ಕೇಳ್ಲಿಲ್ಲ," ಎಂದಳು ಗೌರಮ್ಮ.

ದೊಡ್ಡತಾಯಮ್ಮ ಮತ್ತೊಮ್ಮೆ, ಈ ಸಲ ಗಂಟಲು ಬಿರಿಯುವಂತೆ ಹೇಳಿ, ಅಲ್ಲೇ ಕುಸಿದು ಕೂತಳು.

ಗೌರಮ್ಮ ಗುಂಡಿಗಿಳಿದು ಗಂಟನ್ನು ಮಣ್ಣಿನ ಮೇಲೆ ಮಲಗಿಸಿದಳು. ಸುತ್ತಿದ ಪಂಚೆಯೊಳಗೆ ಕಾಲು, ಮಂಡಿ ಸ್ವಲ್ಪವೂ ಮಡಿಸದೆ, ನೆಟ್ಟಗೆ ಚಾಚಿಕೊಂಡೇ ಇತ್ತು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದವಳು ಆಗ ಅದರ ಮೇಲೆ ಬಿದ್ದು, ಊರೆಲ್ಲ ನೋಡುತ್ತಿದ್ದಂತೆ, ಗೋಳೋ ಎಂದು ಅತ್ತಳು.