ಗಂಡ ಮಗ್ಗುಲಲ್ಲಿದ್ದ ದಿನಗಳು

ಸುಟ್ಟ ಬೆಲ್ಲದ ವಾಸನೆ, ಇಲ್ಲೂ, ವಿಮಾನ ನಿಲ್ದಾಣದ ಏಸಿಯಲ್ಲಿ ಮೈ ನಡುಗಿಸುವ ಈ ತಣ್ಣನೆಯ ಕೋಣೆಯಲ್ಲೂ, ಅಷ್ಟು ದೊಡ್ಡ ಸಮುದ್ರ ಹಾರಿ ಬಂದರೂ ಬಿಟ್ಟು ಹೋಗದ ವಾಸನೆ, ಆರ್ಸೆನಿಯೊ ಆ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿದ್ದಾನೆ, ಹೆತ್ತ ಮಗಳು ಜೊಸೆಲ್‌ಳನ್ನೂ ಅವನು ಇಷ್ಟು ನಾಜೂಕಾಗಿ ಎತ್ತಿಕೊಂಡದ್ದು ಲುಡಿವಿನಾಳಿಗೆ ನೆನಪಿಲ್ಲ — ಒಳಗೆ ನಲವತ್ತು ಪಿಯಾಯ, ಬೆಲ್ಲದ ಹೂರಣ ತುಂಬಿ ಕಾವಲಿಯ ಮೇಲೆ ಬೇಯಿಸಿದ ತೆಳು ರೊಟ್ಟಿ, ವಿನ್ನಿಪೆಗ್‌ನ ನೆಂಟರಿಷ್ಟರಿಗೆ ಹಂಚಲಿಕ್ಕೆ, ಕಟ್ಟಿಕೊಟ್ಟವರು ಯಾರೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ, ಹೇಳುವುದೇನು ಮಣ್ಣು. ಮೊದಲ ಕಿಟಕಿಯ ಅಧಿಕಾರಿ ಎಷ್ಟು ದಿನ ಕೆನಡಾದ ಹೊರಗಿದ್ದಿರಿ ಎಂದು ಕೇಳಿದ್ದು ಅವಳನ್ನು, ಬಾಯಿ ಹಾಕಿದ್ದು ಇವನು, ನಾಲ್ಕು ವರ್ಷ ಏಳು ತಿಂಗಳು ಸಾರ್, ನಮ್ಮಪ್ಪಂಗೆ ಲಕ್ವ ಹೊಡೆದಿತ್ತು, ಇವಳು ಉದ್ದಕ್ಕೂ ನನ್ ಜೊತೇಲೇ ಇದ್ಲು. ಇದ್ದಳು, ಇಲ್ಲವೆಂದವರು ಯಾರು, ಅವಳು ಇದ್ದಲ್ಲೇ ಇದ್ದಳು, ಇವನೆಲ್ಲಿದ್ದ ಅಂತಲ್ಲವೇ ಪ್ರಶ್ನೆ. ಆ ಅಧಿಕಾರಿ ಇವನ ಕೆನಡಾದ ನೀಲಿ ಪಾಸ್‌ಪೋರ್ಟನ್ನು ತಿರುವಿಯೂ ನೋಡದೆ ವಾಪಸು ಕೊಟ್ಟ, ಅವಳ ಕೆಂಪು ಪಾಸ್‌ಪೋರ್ಟನ್ನೂ ಕಾಯಂ ನಿವಾಸಿಯ ಕಾರ್ಡನ್ನೂ ಇಟ್ಟುಕೊಂಡು, ಆ ಕೋಣೆಯಲ್ಲಿ ಕೂತಿರಿ ಮೇಡಂ, ಕರೀತಾರೆ ಎಂದ. ಕಾರ್ಡಿಗೆ ಇನ್ನು ಹತ್ತೊಂಬತ್ತು ದಿನ ಆಯುಸ್ಸಿದೆ, ಇವತ್ತು ಇಲ್ಲಿ ಒಪ್ಪದಿದ್ದರೆ ಅದೂ ಇಲ್ಲ.

ಐದು ವರ್ಷದಲ್ಲಿ ಏಳುನೂರ ಮೂವತ್ತು ದಿನ, ಅಷ್ಟು ದಿನ ಈ ನೆಲದ ಮೇಲಿದ್ದರೆ ನೀನು ಈ ನೆಲದವಳು, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ. ವಿನ್ನಿಪೆಗ್‌ನಿಂದ ಹೊರಡುವ ಮುಂಚಿನ ನೂರೈವತ್ತು ದಿನ ಕೈಯಲ್ಲಿವೆ, ಮಿಕ್ಕ ಐನೂರೆಂಬತ್ತಕ್ಕೆ ದಾರಿ ತೋರಿಸಿದವಳು ಫೆಲಿ, ವಿನ್ನಿಪೆಗ್‌ನ ಚರ್ಚಿನಲ್ಲಿ ಪಕ್ಕದ ಸಾಲಿನ ಫೆಲಿಸಿಡಾದ್ ಅಕ್ಕ, ಎಲ್ಲರ ಅರ್ಜಿಯನ್ನೂ ಬಾಯಿಪಾಠ ಮಾಡಿದವಳು, ಫೋನಿನಲ್ಲಿ ನಗುತ್ತಾ ಹೇಳಿದ್ದಳು, ನಿನ್ ಗಂಡ ಇಲ್ಲಿನ ಪ್ರಜೆ ತಾನೆ, ಹೊರದೇಶದಲ್ಲಿ ಅವನ ಜೊತೆ ಒಂದೇ ಮನೇಲಿ ಸಂಸಾರ ಮಾಡಿದ ದಿನಾನೂ ಲೆಕ್ಕಕ್ಕೆ ಬರುತ್ತೆ, ಗಂಡ ಮಗ್ಗುಲಲ್ಲಿದ್ರೆ ನೀನು ಮಲಗಿದ ಚಾಪೇನೂ ಕೆನಡಾನೇ ಕಣೇ ಲುಡಿ. ಆಗ ಲುಡಿವಿನಾಳೂ ನಕ್ಕಿದ್ದಳು, ಫೋನಿಟ್ಟ ಮೇಲೆ ನಗು ಹುಳಿಯಾಯಿತು, ಹಾಗಾದರೆ ಅವನು ಅಲ್ಲಿದ್ದ ರಾತ್ರಿಗಳಲ್ಲಿ ಕೆನಡಾ ಇದ್ದದ್ದೂ ಅಲ್ಲೇ, ಬಕೋಲೊಡ್‌ನಲ್ಲಿ, ಮಾರಿಫೆ ಎಂಬ ವಿಧವೆಯ ಚಾಪೆಯ ಮೇಲೆ, ಹತ್ತೊಂಬತ್ತು ವರ್ಷ ಈ ದೇಶದ ಮುದುಕರ ಮೈ ಒರೆಸಿದ ತನ್ನ ಕಾಲ ಕೆಳಗೆ ಅಲ್ಲ, ಒಂದು ದಿನವೂ ಹಿಮ ಕಂಡಿರದ ಆ ವಿಧವೆಯ ಕಾಲ ಕೆಳಗೆ. ಇವನು ಪ್ರಜೆಯಾದ ದಿನ ಅಂಗಿ ಇಸ್ತ್ರಿ ಮಾಡಿಕೊಟ್ಟವಳು, ಪ್ರಮಾಣವಚನದ ಫೋಟೋ ಹಿಡಿದವಳು ತಾನು, ಮೊದಲು ನಾನು, ಆಮೇಲೆ ನೀನು ಪಂಗ್ಗಾ ಅಂದಿದ್ದ, ಆ ಆಮೇಲೆ ಇನ್ನೂ ಬಂದಿಲ್ಲ. ಪಂಗ್ಗಾ — ಮುದ್ದಿಗೆ ಕರೆಯುವುದು, ಆ ಮಾರಿಫೆಯನ್ನೂ ಹಾಗೆಯೇ ಕರೆಯುತ್ತಾನೋ ಏನೋ, ಬೇರೆ ಹೆಸರು ಹುಡುಕುವಷ್ಟು ಬುದ್ಧಿ ಇವನಿಗೆಲ್ಲಿಂದ ಬರಬೇಕು. ಲೆಕ್ಕ ಹಾಕಿದ್ದಳು, ಚರ್ಚಿನ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ, ಇವನು ತನ್ನ ಜೊತೆ ಮನೆಯಲ್ಲಿದ್ದದ್ದು ಮೊದಲ ಮೂರು ತಿಂಗಳು ಪೂರ್ತಿ, ಆಮೇಲೆ ವಾರಕ್ಕೆ ಎರಡು ರಾತ್ರಿ, ಶನಿವಾರ, ಭಾನುವಾರ, ಹೇಗೆ ಎಳೆದರೂ ಐನೂರ ನಲವತ್ತು ದಾಟುವುದಿಲ್ಲ. ನಲವತ್ತು ದಿನ ಸಾಲದು. ಅತ್ತೆಮನೆಯ ಮುದುಕನ ಸೇವೆ ಮಾಡಿದೆ ಎಂದು ಹೇಳಿಕೋ, ಕರುಣೆ ಬಂದರೂ ಬಂದೀತು ಎಂದಿದ್ದಳು ಫೆಲಿ, ಆದರೆ ಕರುಣೆಯನ್ನು ನಂಬಿ ದೇಶ ಕಳೆದುಕೊಂಡವರನ್ನೂ ಅವಳೇ ಹೆಸರು ಹಿಡಿದು ಹೇಳಿದ್ದಳು.

ಎಲ್ಲ ಶುರುವಾದದ್ದು ಒಂದು ಮಂಚದಿಂದ. ಊರಿಗೆ ಹೋದ ಮೇಲೆ, ಓತೋನ್‌ನ ಅತ್ತೆಮನೆಯಲ್ಲಿ ಮಾವನ ಬೆನ್ನು ಹುಣ್ಣಾಗತೊಡಗಿದಾಗ, ತಲೆಯ ಕಡೆ ಎತ್ತಿ ಇಳಿಸುವ ಆಸ್ಪತ್ರೆ ಮಂಚವೊಂದು ಬಕೋಲೊಡ್‌ನಲ್ಲಿ ಮಾರಾಟಕ್ಕಿದೆಯಂತೆ, ಗಂಡ ಸತ್ತ ಹೆಂಗಸು ಕೊಡುತ್ತಾಳಂತೆ ಎಂದು ಕೇಳಿ ತಂದವಳು ಲುಡಿವಿನಾಳೇ, ಹೋಗಿ ತಗೊಂಡು ಬನ್ನಿ ಎಂದು ಇವನನ್ನು ದೋಣಿ ಹತ್ತಿಸಿದವಳೂ ಅವಳೇ, ಒಂದು ಗಂಟೆಯ ಸಮುದ್ರ, ಇವನು ಬಂದದ್ದು ಮೂರನೇ ದಿನ, ಮಂಚ ಬಂತು, ಮಂಚದ ಹಿಂದೆ ಇವನ ಮನಸ್ಸು ಬರಲಿಲ್ಲ. ಆಮೇಲೆ ಅಂತಿಕೆ ಪ್ರಾಂತ್ಯದ ತಮ್ಮನ ಹೊಲ ಅಂದ, ತಮ್ಮನ ಗದ್ದೆಗೆ ಕಾಲುವೆ ಅಂದ, ತಮ್ಮನಿಗೆ ಜ್ವರ ಅಂದ, ಅಂತಿಕೆ ಇರುವುದು ಪಡುವಣಕ್ಕೆ, ಬಸ್ಸಿನ ದಾರಿ, ಸಮುದ್ರದ ಹನಿ ಮೈಗೆ ತಾಗಬಾರದು. ಸುಳ್ಳು ಹೇಳುವವನು ಸುಳ್ಳನ್ನಾದರೂ ನೆಟ್ಟಗೆ ಸಾಕಬೇಕು. ಆದರೆ ಇವನು ಓತೋನ್‌ನಲ್ಲಿ ಹುಟ್ಟಿದ ಗಂಡಸು, ಪರ ಊರಿಗೆ ಹೋದವನು ಮನೆಗೆ ಕೈಬೀಸಿಕೊಂಡು ಬರಬಾರದು, ಪಸಲೂಬೊಂಗ್ ತರಬೇಕು, ಹೋದ ಊರಿನ ತಿಂಡಿ, ಮುದುಕನಿಗೆ, ಹೆಂಡತಿಗೆ, ನೆರೆಮನೆಗೆ, ಅದು ಅವನ ರಕ್ತದಲ್ಲಿದೆ, ಬಂದ ಶನಿವಾರ ಬಾಗಿಲಲ್ಲೇ ಪೊಟ್ಟಣ ಚಾಚಿದ, ಬಿಚ್ಚಿದರೆ ಪಿಯಾಯ, ಇನ್ನೂ ಮೆತ್ತಗಿರುವ ಪಿಯಾಯ, ಕಾಗದದ ಮೇಲೆ ಕೆಂಪು ಅಕ್ಷರದಲ್ಲಿ ಬಕೋಲೊಡ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನೋ, ಯಾರೂ ಏನೂ ಅನ್ನುವ ಮುಂಚೆ ಕುಂಬಳಕಾಯಿಯನ್ನೇ ತಂದು ಕೈಗಿಟ್ಟ. ಅವಳು ತಟ್ಟೆಯಲ್ಲಿ ಹಾಕಿ ಮಾವನಿಗೆ ಚೂರು ಮಾಡಿ ತಿನ್ನಿಸಿದಳು, ಮಾವ ಸೊಟ್ಟ ಬಾಯಲ್ಲಿ ಜಗಿಯುತ್ತಾ ತುಂಬ ಹೊತ್ತು ಅವಳ ಮುಖ ನೋಡಿ, ನನ್ ಮಂಚ ಬಂದ ಊರಿಂದು ಎಂದ. ಹೂಂ ತಾತಾಯ್, ತಿನ್ನಿ ಎಂದಳು ಅವಳು, ಮಾವನನ್ನು ಅಪ್ಪಾ ಎಂದೇ ಕರೆಯುವುದು. ಕೇಳಬೇಕಿತ್ತು, ಆ ದಿನವೇ ಪೊಟ್ಟಣವನ್ನು ಮುಖಕ್ಕೆ ಎಸೆದು ಕೇಳಬೇಕಿತ್ತು, ಆದರೆ ಕೇಳಿದರೆ ಹೌದು ಅಂದುಬಿಡುತ್ತಾನೆ, ಹೌದು ಅಂದವನು ಶನಿವಾರವೂ ಬರಬೇಕಾಗಿಲ್ಲ, ಬಾಯಲ್ಲಿ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು.

ಒಂದೇ ಒಂದು ಸಲ ನೋಡಿದ್ದಾಳೆ ಆ ಮಾರಿಫೆಯನ್ನು, ಇಲೊಯ್ಲೊದ ದೋಣಿಕಟ್ಟೆಯಲ್ಲಿ, ದೂರದಿಂದ, ಚೆಲುವೆಯೇನಲ್ಲ, ಅದೇ ಉರಿ, ಚೆಲುವೆಯಾಗಿದ್ದರೆ ಗಂಡಸರ ಹಣೆಬರಹ ಎಂದು ಸುಮ್ಮನಾಗಬಹುದಿತ್ತು, ತನ್ನಂತೆಯೇ ಕುಳ್ಳಿ, ತನ್ನಷ್ಟೇ ವಯಸ್ಸು, ತನ್ನ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವವಳು, ಅಂದರೆ ಇವನಿಗೆ ಬೇಕಾದದ್ದು ಇನ್ನೊಬ್ಬ ಲುಡಿವಿನಾ, ಈ ಲುಡಿವಿನಾ ಇರುವಾಗಲೇ. ಅದನ್ನೂ ತಡೆದುಕೊಂಡಿದ್ದಳು. ತಡೆದುಕೊಳ್ಳಲಾಗದ್ದು ಉಗುರು. ವಿನ್ನಿಪೆಗ್‌ನ ಹಂದಿ ಮಾಂಸದ ಕಾರ್ಖಾನೆಯಲ್ಲಿ ಇವನ ಬೆನ್ನು ಹಿಡಿದುಕೊಂಡ ಮೇಲೆ ಬಗ್ಗಲಾಗುವುದಿಲ್ಲ, ಕಾಲಿನ ಉಗುರು ಕತ್ತರಿಸುತ್ತಿದ್ದದ್ದು ಅವಳು, ಹದಿನಾಲ್ಕು ವರ್ಷ, ಎರಡು ಭಾನುವಾರಕ್ಕೊಮ್ಮೆ, ಹಳೇ ಪೇಪರು ಹಾಸಿ, ಬಿಸಿನೀರಲ್ಲಿ ಪಾದ ನೆನೆಸಿ, ತೊಡೆಯ ಮೇಲೆ ಎತ್ತಿಟ್ಟುಕೊಂಡು, ನೆಟ್ಟಗೆ ಕತ್ತರಿಸುತ್ತಿದ್ದಳು, ಅಂಚು ದುಂಡಗೆ ಮಾಡಬಾರದು, ಮಾಡಿದರೆ ಉಗುರು ಮಾಂಸಕ್ಕೆ ಚುಚ್ಚಿ ಬೆಳೆಯುತ್ತದೆಂದು ವೃದ್ಧರ ಮನೆಯ ಕೆಲಸದಲ್ಲಿ ಮೊದಲ ವಾರವೇ ಕಲಿಸಿದ್ದರು. ಓತೋನ್‌ಗೆ ಬಂದ ಎರಡನೇ ವರ್ಷದ ಒಂದು ಭಾನುವಾರ ಬೇಸಿನ್ನಿಗೆ ನೀರು ತಂದಿಟ್ಟು, ಕೊಡಿ ಕಾಲು ಎಂದಳು, ಇವನು ಇವತ್ತು ಬೇಡ ಬಿಡು ಎಂದು ಪಾದ ಹಿಂದಕ್ಕೆಳೆದುಕೊಂಡ, ಎಳೆದುಕೊಳ್ಳುವಷ್ಟರಲ್ಲಿ ಕಂಡಿತ್ತು, ದುಂಡಗೆ, ಹತ್ತೂ ದುಂಡಗೆ, ಅರದಿಂದ ಉಜ್ಜಿ ನಯ ಮಾಡಿದ್ದು. ಹಾಸಿಗೆಯನ್ನು ಹಂಚಿಕೊಂಡದ್ದಕ್ಕೆ ಬರದ ಅಳು ಆಗ ಬಂತು, ಬಚ್ಚಲಿಗೆ ಹೋಗಿ ಆ ಬಿಸಿನೀರಲ್ಲಿ ತನ್ನ ಕೈಯನ್ನೇ ಅದ್ದಿಕೊಂಡು ಅತ್ತಳು, ನೀರು ಆರುವವರೆಗೆ.

ಪಂಗ್ಗಾ, ಇವನು ಪಿಸುಗುಡುತ್ತಿದ್ದಾನೆ, ಮುಂದಿನ ಸಾಲಿನ ಹೆಂಗಸಿನ ಕೂಸು ಅಳುವ ಸದ್ದಿನ ಮರೆಯಲ್ಲಿ, ಕೇಳಿದ್ದಕ್ಕಷ್ಟೇ ಉತ್ತರ ಹೇಳು, ಜಾಸ್ತಿ ಬಿಡಿಸೋಕೆ ಹೋಗ್ಬೇಡ. ಬಿಡಿಸೋಕೆ — ಹಾಗಾದರೆ ಅವಳಿಗೆ ಗೊತ್ತಿದೆಯೆಂದು ಇವನಿಗೂ ಗೊತ್ತು, ಎಷ್ಟು ದಿನದಿಂದ, ನಾಲ್ಕು ವರ್ಷ ಇಬ್ಬರೂ ಒಂದೇ ತಟ್ಟೆಯ ಪಿಯಾಯ ತಿನ್ನುತ್ತಾ ನಾಟಕ ಆಡಿದರೇ. ಈಗ ಎದ್ದು ಹೋಗಿ ಹೇಳಿಬಿಡಬಹುದು, ಒಂದೇ ಮಾತು, ಅವನು ನನ್ನ ಜೊತೆ ಇರಲಿಲ್ಲ, ಸರ್ಕಾರದ ಕಿಟಕಿಯಲ್ಲಿ, ಬಾವುಟದ ಕೆಳಗೆ ಇವನ ಮಾನ ಹರಾಜಾಗುತ್ತದೆ, ಆಹಾ ಎಂಥ ತಂಪು. ಆಮೇಲೆ? ಆಮೇಲೆ ಅವಳ ಕಾರ್ಡು ಹೋಗುತ್ತದೆ, ಜೊಸೆಲ್‌ಳ ಮಗುವಿಗೆ ನಾಲ್ಕು ವರ್ಷ, ಅಜ್ಜಿ ಅಂದರೆ ಫೋನಿನೊಳಗೆ ಇರುವವಳು ಅಂದುಕೊಂಡಿದೆ, ಅದು ಹಾಗೇ ಅಂದುಕೊಂಡು ಬೆಳೆಯುತ್ತದೆ, ಮಾವ ತೀರಿಕೊಂಡ ಮೇಲೆ ಓತೋನ್‌ನ ಮನೆಯನ್ನು ಮೈದುನ ಆಗಲೇ ಬಾಡಿಗೆಗೆ ಕೊಟ್ಟಾಯಿತು, ಇವನ ನೀಲಿ ಪಾಸ್‌ಪೋರ್ಟು ಮಾತ್ರ ನೀಲಿಯಾಗಿಯೇ ಇರುತ್ತದೆ, ಬಿಟ್ಟ ಹೋರಿ, ಬೇಕಾದಾಗ ಬಕೋಲೊಡ್, ಬೇಡವಾದಾಗ ವಿನ್ನಿಪೆಗ್, ನಾಳೆ ಆ ವಿಧವೆಗೇ ಅರ್ಜಿ ಹಾಕಿ ಕರೆಸಿಕೊಂಡರೆ ತಡೆಯುವವರು ಯಾರು, ತಾನು ಹೊಲಿದ ಪರದೆಯ ಹಿಂದೆ, ತನ್ನ ಅಡುಗೆಮನೆಯಲ್ಲಿ, ತನ್ನ ಚಳಿಯ ಕೋಟು ಹಾಕಿಕೊಂಡು ಅವಳು ನಿಲ್ಲುತ್ತಾಳೆ, ಅಳತೆಯೂ ಒಂದೇ. ಸಾಯುತ್ತೇನೆ, ಆ ಕೋಟು ಕೊಡುವುದಿಲ್ಲ. ಲುಡಿವಿನಾ ಗೊರಿಸೆಟಾ, ಒಬ್ಬರೇ ಬನ್ನಿ ಎಂದು ಕರೆದರು.

ಅಧಿಕಾರಿಣಿ ಮೂವತ್ತರ ಆಸುಪಾಸಿನವಳು, ಎದೆಯ ಪಟ್ಟಿಯಲ್ಲಿ ಮಗ್ಬನುವಾ ಎಂದಿದೆ, ಅಯ್ಯೋ ದೇವರೇ, ನಮ್ಮ ಕಡೆಯ ಹೆಸರು, ಇಡೀ ಕೆನಡಾದಲ್ಲಿ ಇವಳೇ ಸಿಗಬೇಕಿತ್ತೇ. ಊರಿನ ಪಂಚಾಯಿತಿಯವರು ಬರೆದುಕೊಟ್ಟ ಪತ್ರವನ್ನು ಅವಳು ಓದಿ ಪಕ್ಕಕ್ಕಿಟ್ಟಳು, ಇದನ್ನ ಕೇಳಿದವ್ರಿಗೆಲ್ಲ ಬರ್ಕೊಡ್ತಾರೆ ಮೇಡಂ, ನೀವೇ ಹೇಳಿ, ನಿಮ್ಮ ಗಂಡ ಈ ನಾಲ್ಕೂವರೆ ವರ್ಷ ನಿಮ್ಮ ಜೊತೆ ಒಂದೇ ಮನೇಲಿದ್ರಾ. ಇದ್ದರು. ದಿನಾ? ದಿನಾ. ಅಧಿಕಾರಿಣಿ ಕುರ್ಚಿಗಳ ಕಡೆ ನೋಡಿದಳು, ಪೆಟ್ಟಿಗೆ ನೋಡಿದಳು, ಅದರ ಮೇಲಿನ ಕೆಂಪು ಅಕ್ಷರ ಇಲ್ಲಿಂದಲೂ ಕಾಣುತ್ತದೆ, ಆ ಪಿಯಾಯ ಬಕೋಲೊಡ್‌ದಲ್ವಾ, ನಮ್ಮಜ್ಜಿ ಆ ಊರವ್ರು, ನೀವಿದ್ದಿದ್ದು ಓತೋನ್ ಅಂದ್ರಿ, ಬಕೋಲೊಡ್‌ಗೆ ಯಾರು ಹೋಗ್ತಿದ್ರು? ಹಾಳಾದವನೇ, ಕೊನೆಯ ದಿನವೂ ಪಸಲೂಬೊಂಗ್ ಹೊತ್ತು ತಂದೆಯಲ್ಲೋ, ನಾಲಿಗೆ ತಾನಾಗಿಯೇ ಹೊರಳಿತು, ಅಲ್ಲಿ ನಮ್ ನಾದಿನಿ ಇದಾರೆ, ದಾರಿಗೆ ಅಂತ ಕಳಿಸಿಕೊಟ್ರು, ನಮ್ಮ ಮೇಲೆ ತುಂಬ ಪ್ರೀತಿ. ನಾದಿನಿ. ಕೊಟ್ಟುಬಿಟ್ಟಳು, ತನ್ನ ಬಾಯಾರೆ ಆ ಹೆಂಗಸಿಗೆ ಮನೆಯಲ್ಲೊಂದು ಸ್ಥಾನ ಕೊಟ್ಟುಬಿಟ್ಟಳು. ಅಧಿಕಾರಿಣಿಯ ಪೆನ್ನು ಇನ್ನೂ ನಿಂತೇ ಇದೆ, ಸುಳ್ಳನ್ನು ನಂಬಿಸಲು ಒಂದು ನಿಜ ಬೇಕು, ಹೂಂ, ಇದೆಯಲ್ಲ, ಹದಿನಾಲ್ಕು ವರ್ಷದ ನಿಜ. ಅವರಿಗೆ ಬೆನ್ನು ಬಗ್ಗಲ್ಲ ಅಮ್ಮ, ಕಾಲಿನ ಉಗುರು ಕೂಡ ನಾನೇ ಕತ್ತರಿಸ್ಬೇಕು, ನಾನಿಲ್ದೆ ಎಲ್ಲಿಗೆ ಹೋಗ್ತಾರೆ ಹೇಳಿ. ಅಧಿಕಾರಿಣಿಯ ಮುಖ ಸಡಿಲವಾಯಿತು, ನಮ್ಮಮ್ಮಾನೂ ನಮ್ಮಪ್ಪಂಗೆ ಹಾಗೇ ಮಾಡೋದು ಎಂದಳು, ಬರೆದಳು, ಬೇಗ ಬೇಗ ಬರೆದಳು, ಇಡೀ ಅವಧಿ ಪತಿಯೊಂದಿಗೆ ವಾಸ, ತಲೆಕೆಳಗಾಗಿಯೂ ಓದಲು ಬಂತು ಲುಡಿವಿನಾಳಿಗೆ, ಅಂದರೆ ಇನ್ನು ಮೇಲೆ ಅದೇ ನಿಜ, ಸರ್ಕಾರದ ಕಾಗದದ ನಿಜ, ಇನ್ನು ಯಾವತ್ತೂ, ಯಾವ ಜಗಳದಲ್ಲೂ, ಸಾಯುವ ಹೊತ್ತಿನಲ್ಲೂ ಎಲ್ಲಿದ್ದೆ ಎಂದು ಇವನನ್ನು ಕೇಳುವ ಹಾಗಿಲ್ಲ, ನಿನ್ನ ಜೊತೆಗೇ ಇದ್ದೆ, ನೀನೇ ಬರೆಸಿದ್ದೀಯಲ್ಲ. ಕಾರ್ಡು ಕೈಗೆ ಬಂತು. ಬೇಗ ಹೊಸದಕ್ಕೆ ಅರ್ಜಿ ಹಾಕಿ ಎಂದು ಹೇಳಿ ಅಧಿಕಾರಿಣಿ ಕತ್ತು ಉದ್ದ ಮಾಡಿ ಕುರ್ಚಿಯ ಕಡೆ ನೋಡಿದಳು, ಬೇಸಿಗೆಯಲ್ಲವೇ, ಇವನು ಚಪ್ಪಲಿಯಲ್ಲಿದ್ದಾನೆ, ಪಾದ ಮುಂದಕ್ಕೆ ಚಾಚಿ ಕೂತಿದ್ದಾನೆ, ತುಂಬ ಚೆನ್ನಾಗಿ ಕತ್ತರಿಸಿದೀರ, ನಮ್ಮಮ್ಮಂಗೆ ಇಷ್ಟು ನಾಜೂಕಾಗಿ ಬರಲ್ಲ ಎಂದು ನಕ್ಕಳು, ಥ್ಯಾಂಕ್ಯೂ ಅಮ್ಮ ಎಂದಳು ಲುಡಿವಿನಾ, ಹೇಳಿದಳು, ಆ ಹೊಗಳಿಕೆಯನ್ನು ತಾನೇ ತೆಗೆದುಕೊಂಡಳು, ಇವನು ಏಳುತ್ತಿದ್ದಾನೆ, ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದಾನೆ, ಆಯ್ತಾ ಪಂಗ್ಗಾ ಎನ್ನುತ್ತಿದ್ದಾನೆ, ಅವಳಿಗೆ ಮುಖ ಕಾಣುವುದಿಲ್ಲ, ಪೆಟ್ಟಿಗೆ ಕಾಣುವುದಿಲ್ಲ, ಬಾಗಿಲು ಎಲ್ಲಿದೆಯೋ, ಕೆಳಗೆ, ಕಪ್ಪು ಪಟ್ಟಿಯ ಚಪ್ಪಲಿಯ ಅಂಚಿನಲ್ಲಿ, ದುಂಡಗೆ, ಮೊನ್ನೆಯಷ್ಟೇ ಕತ್ತರಿಸಿದ್ದು, ಒಂದೊಂದೂ ದುಂಡಗೆ, ಹತ್ತು ಉಗುರು —