ರೇಡಿಯೋ ಬಾಯಿ ಮುಚ್ಚಿ ಕೂತದ್ದು

ಕರ್ರೆಂದು ಮತ್ತೆ ಅದೇ ಸದ್ದು, ಕೆಳಗಿನ ಹಾಲಿನಲ್ಲಿ ಕಬ್ಬಿಣದ ಮಂಚಗಳನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದಾರೆ, ಇಬ್ಬರು ಸೇರಿ ಎತ್ತಿದರೆ ಇವರ ಗಂಟೇನು ಹೋಗುತ್ತದೆ, ನೆಲದ ತುಂಬ ಗೀರು ಬೀಳತ್ತೆ ಕಣ್ರಯ್ಯಾ ಅಂತ ಕಿಟಕಿಗೆ ಹೋಗಿ ಕೂಗಬೇಕು, ಆದರೆ ಇವತ್ತು ನಾನು ಬಾಯಿ ತೆಗೆಯುವಂತಿಲ್ಲ, ಮತ್ತೆ ಗೀರು ಬಿದ್ದರೆ ಯಾರಿಗೇನು, ಮಧ್ಯಾಹ್ನದ ಮೇಲೆ ಆ ನೆಲವನ್ನು ತುಳಿಯುವವರು ಯಾರೂ ಇರುವುದಿಲ್ಲ, ಬಸ್ಸು ಬರುತ್ತದೆ, ಎಲ್ಲರೂ ಹತ್ತುತ್ತೇವೆ, ಈ ಮನೆಗೆ — ನಾನು ಮನೆ ಎನ್ನುತ್ತೇನೆ, ಮರ್ಯಾದಸ್ಥರು ಆಸ್ಪತ್ರೆ ಎನ್ನುತ್ತಾರೆ, ಆಟೋದವರು ಹುಚ್ಚಾಸ್ಪತ್ರೆ ಎನ್ನುತ್ತಾರೆ — ಈ ಮನೆಗೆ ಬೀಗ ಬೀಳುತ್ತದೆ. ಗಡಿಯಾರವನ್ನೂ ಬಿಚ್ಚಿಕೊಂಡು ಹೋಗಿದ್ದಾರೆ, ಅದು ಇದ್ದ ಜಾಗ ಗೋಡೆಯ ಮೇಲೆ ದುಂಡಗೆ ಬೆಳ್ಳಗೆ ಉಳಿದಿದೆ, ಆಹಾ, ಈ ಗೋಡೆಯ ಬಣ್ಣ ಬಿಳಿಯೇ, ಇಷ್ಟು ವರ್ಷ ನಾನು ಇದನ್ನು ಹಳದಿ ಅಂದುಕೊಂಡಿದ್ದೆ. ಇದನ್ನು ಗುಬ್ಬಿಗೆ ಹೇಳಬೇಕು, ಮೇಜಿನ ಆಚೆ ಕೂತಿದ್ದಾಳೆ, ಕೈ ಚಾಚಿದರೆ ಸಿಗುತ್ತಾಳೆ, ಹೇಳುವಂತಿಲ್ಲ. ಗುಬ್ಬಿ ಅಂದರೆ ಗುಬ್ಬಿಯ ಗಾತ್ರವೇನಲ್ಲ, ಬಾಗಿಲಲ್ಲಿ ನಿಂತರೆ ಬಾಗಿಲು ಕಾಣುವುದಿಲ್ಲ, ಹಿಂದೆ ಇದ್ದ ಅಡುಗೆಯವನು ತಮಾಷೆಗೆ ಇಟ್ಟ ಹೆಸರು ಅದು, ಅವನೇ ನನಗೆ ರೇಡಿಯೋ ಅಂತ ಇಟ್ಟ, ಅವನು ಹೋದ, ಹೆಸರು ಉಳಿಯಿತು. ರೇಡಿಯೋ ಇವತ್ತು ಬಂದ್.

ಬಂದ್ ಮಾಡಿಸಿದವರು ಮೇಡಂ, ನಮ್ಮನ್ನೆಲ್ಲ ಹೊಸ ಮನೆಗಳಿಗೆ ದಾಟಿಸುವ ಕೆಲಸಕ್ಕೆ ಬಂದವರು, ನನ್ನ ಮಗಳ ವಯಸ್ಸು ಅನ್ನೋಣವೆಂದರೆ ನನಗೆ ಮಗಳಿಲ್ಲ, ತಂಗಿಯ ಮಗಳ ವಯಸ್ಸು, ನಗುತ್ತಲೇ ಕಡ್ಡಿ ಮುರಿದ ಹಾಗೆ ಮಾತಾಡುತ್ತಾರೆ. ನೋಡಿ ಅಮ್ಮಾ, ನೀವಿಲ್ದೆ ಒಳಗೆ ಬರಲ್ಲ ಅಂತ ನಿಮ್ಮ ಗೆಳತಿ ಬಾಗಿಲಲ್ಲೇ ನಿಂತುಬಿಟ್ಟಿದ್ದಾರೆ, ಅದಕ್ಕೆ ನಿಮ್ಮನ್ನ ಕೂರಿಸ್ಕೋತಿದೀನಿ, ಆದ್ರೆ ಉತ್ತರ ಅವರದ್ದೇ ಆಗಿರ್ಬೇಕು, ನಿಮ್ಮ ಬಾಯಿಂದ ಒಂದು ಮಾತು ಬಂದ್ರೂ ಇದು ಲೆಕ್ಕಕ್ಕೆ ಬರಲ್ಲ, ಸನ್ನೆನೂ ಬೇಡ, ಕೆಮ್ಮೋದೂ ಬೇಡ. ಕೆಮ್ಮೂ ಬೇಡವಂತೆ, ಚೆನ್ನಾಗಿ ಅಳೆದಿದ್ದಾರೆ ನನ್ನನ್ನು, ಹೋದ ವಾರ ಇದೇ ಮೇಜಿನ ಮುಂದೆ ನಾನು ಕೆಮ್ಮಿಯೇ ಎರಡು ಉತ್ತರ ಹೇಳಿಕೊಟ್ಟಿದ್ದೆ, ಉಳಿದವನ್ನು ಕೆಮ್ಮುವ ಗೋಜಿಗೂ ಹೋಗದೆ ನಾನೇ ಹೇಳಿದ್ದೆ, ನಿಮಗೆ ಎಲ್ಲಿರೋಕೆ ಇಷ್ಟ ಅಂತ ಅವಳನ್ನು ಕೇಳಿದರೆ ನನ್ನ ಜೊತೆ ಅಂತ ನಾನಂದೆ, ನಿಮಗೆ ಏನಾದ್ರೂ ಭಯ ಇದೆಯಾ ಎಂದರೆ ಕತ್ತಲೆ ಅಂದ್ರೆ ಆಗಲ್ಲ ಅವಳಿಗೆ ಅಂತ ನಾನಂದೆ, ಮೇಡಂ ಪೆನ್ನು ಕೆಳಗಿಟ್ಟು, ಅಮ್ಮಾ ನಾನು ಇಲ್ಲಿ ಯಾರನ್ನ ಮಾತಾಡಿಸ್ತಿದೀನಿ ಅಂತ ಕೇಳಿದರು. ಆ ಭೇಟಿ ನೀರಿನಲ್ಲಿ ಹೋಮವಾಯಿತು. ಇದು ಎರಡನೆಯದು, ಕೊನೆಯದು. ಇವಳು ಇವತ್ತೂ ತುಟಿ ಪಿಟಕ್ಕೆನ್ನದಿದ್ದರೆ ಹೊಸ ಮನೆಯಲ್ಲಿ ಇವಳಿಗೆ ಜಾಗವಿಲ್ಲ, ತನಗೇನು ಬೇಕು ಅಂತ ಹೇಳಲಾರದವರನ್ನ ಸಿಸ್ಟರುಗಳಿಲ್ಲದ ಮನೇಲಿ ಬಿಡೋಕಾಗಲ್ಲ, ಬೆಂಕಿ ಹತ್ತಿದ್ರೂ ಕೂಗಲ್ಲ ಅಂದ್ರೆ ಹೇಗೆ ಅಂತ ಡಾಕ್ಟರು ಹೇಳಿದ್ದಾರೆ, ಆಗ ಇವಳು ಹೋಗುವುದು ದೂರದೂರಿನ ದೊಡ್ಡ ಸಂಸ್ಥೆಗೆ, ಮತ್ತೆ ಉದ್ದನೆಯ ಹಾಲು, ಮತ್ತೆ ಸಾಲು ಮಂಚ, ಬಸ್ಸು ಒಂದೇ, ಇಳಿಯುವ ಜಾಗ ಬೇರೆ. ಇವಳ ಅಣ್ಣನನ್ನು ಫೋನಿನಲ್ಲಿ ಕೇಳಿದರೆ, ಎಲ್ಲಿ ಬೇಕಾದ್ರೂ ಇರ್ಲಿ ಮೇಡಂ, ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿದ್ರೆ ಸಾಕು ಅಂದನಂತೆ, ಮಹಾರಾಯ, ಹಸು ಸಾಕಿದವನು ಕೂಡ ಇದಕ್ಕಿಂತ ಎರಡು ಮಾತು ಜಾಸ್ತಿ ಕೇಳುತ್ತಾನೆ.

ಗುಬ್ಬಿ, ಮಾತಾಡೇ. ಮೂಗಿಯೇನಲ್ಲ ಇವಳು, ಬಂದ ಹೊಸದರಲ್ಲಿ ಒಂದು ದಿನ ಸ್ನಾನದ ಮನೆಯಲ್ಲಿ ಹಾಡಿದ್ದನ್ನು ನಾನು ಈ ಕಿವಿಯಾರೆ ಕೇಳಿದ್ದೇನೆ, ಮಾತು ಬರುತ್ತದೆ, ಆಡುವುದಿಲ್ಲ ಅಷ್ಟೆ, ಇಷ್ಟು ವರ್ಷಗಳಲ್ಲಿ ಇವಳಾಡಿದ ಮಾತನ್ನೆಲ್ಲ ಕರ್ಚೀಫಿನ ತುದಿಯಲ್ಲಿ ಗಂಟು ಹಾಕಿಡಬಹುದು. ನಾನಿರುವಾಗ ಇವಳಿಗೆ ಮಾತಿನ ಅಗತ್ಯವಾದರೂ ಏನಿತ್ತು, ಅವಳಿಗೆ ಹೊದಿಕೆ ಬೇಕು, ಅವಳಿಗೆ ಇವತ್ತು ಹೊಟ್ಟೆ ಸರಿಯಿಲ್ಲ, ಅವಳಿಗೆ ಹಾಲು ಕೊಡಿ ಟೀ ಬೇಡ, ಎಲ್ಲವನ್ನೂ ನಾನೇ ಹೇಳುತ್ತಿದ್ದೆ, ಸಿಸ್ಟರುಗಳೂ ಇವಳನ್ನು ಏನಾದರೂ ಕೇಳಬೇಕಾದರೆ ನನ್ನ ಮುಖ ನೋಡುತ್ತಿದ್ದರು, ಒಂದು ಸಲ ಡಾಕ್ಟರು ಇವಳ ನಾಲಿಗೆ ನೋಡಬೇಕೆಂದು ಎಲ್ಲಿ ಆ ಅನ್ನಿ ಎಂದಾಗ ನಾನೂ ಆ ಎಂದುಬಿಟ್ಟೆ, ವಾರ್ಡಿಗೆ ವಾರ್ಡೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಡಾಕ್ಟರು ಒಳ್ಳೆಯವರು, ನನಗೆ ಒಂದು ಕಾಲದಲ್ಲಿ ತಲೆಯೊಳಗೆ ಬೇರೆಯವರ ಧ್ವನಿ ಕೇಳುತ್ತಿತ್ತು, ಅದಕ್ಕೇ ಇಲ್ಲಿಗೆ ಬಂದದ್ದು, ಈಗ ನನ್ನದೇ ಧ್ವನಿ ಕೇಳತ್ತೆ ಡಾಕ್ಟ್ರೇ, ಬೆಳಿಗ್ಗೆಯಿಂದ ರಾತ್ರಿವರೆಗೆ ನಿಲ್ಲೋದೇ ಇಲ್ಲ ಎಂದರೆ, ಅದು ಎಲ್ಲರಿಗೂ ಕೇಳತ್ತಮ್ಮಾ, ಅದಕ್ಕೆ ಮಾತ್ರೆ ಇಲ್ಲ ಅಂದರು. ಈಗ ಮೇಡಂ ಏನೋ ಕೇಳುತ್ತಿದ್ದಾರೆ, ಮೊನ್ನೆ ಹೊಸ ಮನೆ ನೋಡಿ ಬಂದ್ರಲ್ಲಾ, ಹೇಗನ್ನಿಸ್ತು ನಿಮಗೆ, ಗುಬ್ಬಿ ಅಂಗೈಗಳನ್ನು ಮೇಜಿನ ಮೇಲೆ ಕವುಚಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದಾಳೆ, ನನ್ನ ನಾಲಿಗೆ ಹಲ್ಲಿನ ಹಿಂದೆ ಕುಣಿಯುತ್ತಿದೆ, ತಡೆದುಕೋ ತಡೆದುಕೋ.

ಹೊಸ ಮನೆ, ಅದರ ಕಥೆ ಕೇಳಿದರೆ ಸತ್ತವರೂ ಎದ್ದು ನಗಬೇಕು, ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯ ಮೇಲಿನ ಮಹಡಿ, ನಾನು, ಗುಬ್ಬಿ, ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಅಕ್ಕ, ಮೂವರೂ ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತೆವು, ನಿಂತೇ ಇದ್ದೆವು, ಅಕ್ಕ ಗೋಡೆಗೆ ಒರಗಿದಳು, ನಾನು ಕಾಲು ಬದಲಾಯಿಸಿದೆ, ಕೊನೆಗೆ ಕೆಳಗಿನಿಂದ ಅಂಗಡಿಯವರು ಬಂದು, ಯಾಕಮ್ಮಾ ಇಲ್ಲೇ ನಿಂತುಬಿಟ್ರಿ, ಯಾರಾದ್ರೂ ಬರ್ಬೇಕಾ ಅಂದರು, ಬಾಗಿಲು ತೆಗೆಯೋರು ಬರ್ಬೇಕು ಅಂತ ನಾನಂದೆ, ಬೀಗದಕೈ ನಿಮ್ಮ ಕೈಯಲ್ಲೇ ಇದೆಯಲ್ಲಮ್ಮಾ ಅಂದರು. ಹೌದಲ್ಲ, ಮೇಡಂ ಕೊಟ್ಟಿದ್ದರು, ಅಂಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ, ಹಿಡಿದುಕೊಳ್ಳೋಕೆ ಕೊಟ್ಟಿದ್ದಾರೆ ಎಂದುಕೊಂಡಿದ್ದೆ, ಅದರಿಂದ ತೆಗೆಯಬೇಕಾದವಳು ನಾನು ಎಂದು ತಲೆಗೆ ಹೊಳೆಯಲೇ ಇಲ್ಲ. ಒಳಗೆ ಹೋದರೆ ಇನ್ನೊಂದು ಪಜೀತಿ, ಇಲ್ಲಿ ನಮ್ಮ ವಾರ್ಡಿನ ದೀಪದ ಸ್ವಿಚ್ಚು ಹೊರಗೆ ಪಡಸಾಲೆಯಲ್ಲಿ, ಸಿಸ್ಟರು ಹಾಕುತ್ತಾರೆ ಸಿಸ್ಟರು ಆರಿಸುತ್ತಾರೆ, ಅಲ್ಲಿ ಸ್ವಿಚ್ಚು ಒಳಗೇ ಇದೆ, ಲಾಂಡ್ರಿ ಅಕ್ಕ ಹಾಡುಹಗಲಲ್ಲಿ ಅದನ್ನು ಒತ್ತಿ, ಆರಿಸಿ, ಒತ್ತಿ, ನೋಡೇ ರೇಡಿಯೋ ನಾನೇ ಸಿಸ್ಟರು ಅಂತ ಕುಣಿದಳು. ಮೂರು ಕೋಣೆ, ಮುಂದಿನದು ಅಕ್ಕನಿಗೆ, ದೊಡ್ಡದು ನನಗೂ ಗುಬ್ಬಿಗೂ, ಎರಡು ಮಂಚ ಪಕ್ಕಪಕ್ಕ, ಹಿಂದುಗಡೆಯ ಗೂಡಿನಂಥ ಪುಟ್ಟ ಕೋಣೆ ಪೆಟ್ಟಿಗೆ ಇಡೋಕೆ, ಎಲ್ಲವನ್ನೂ ನಿಂತಲ್ಲೇ ನಿಂತು ತೀರ್ಮಾನ ಮಾಡಿಬಿಟ್ಟೆ, ಗುಬ್ಬಿಯನ್ನು ಕೇಳಲಿಲ್ಲ, ಕೇಳುವುದೇನು, ಆದರೆ ಇವಳು ಆ ಪುಟ್ಟ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಹೆದರಿದಳು ಪಾಪ ಅಂತ ನಾನು ಹೊರಗಿನಿಂದ ಬಡಿದು ಬಡಿದು ಸಮಾಧಾನ ಹೇಳಿದೆ, ಎಷ್ಟೋ ಹೊತ್ತಿನ ಮೇಲೆ ತೆಗೆದಳು, ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ, ನಿದ್ದೆ ಮಾಡಿ ಎದ್ದವಳ ಮುಖ.

ಮೇಡಂ ಪ್ರಶ್ನೆ ಬದಿಗಿಟ್ಟು ಹೆಗಲ ಚೀಲದಿಂದ ಫ್ಲಾಸ್ಕು ತೆಗೆದರು, ಮೂರು ಲೋಟ, ಒಂದು ಡಬ್ಬಿ, ಡಬ್ಬಿಯಲ್ಲಿ ಸಕ್ಕರೆ, ಟೀ ಕುಡಿಯೋಣ ಮೊದ್ಲು ಅಂದರು. ಅಯ್ಯೋ ಇವರೇ, ಗುಬ್ಬಿಗೆ ಟೀ ಆಗಲ್ಲ, ಹಾಲು, ಹಾಲು ಅಂತ ನನ್ನ ಗಂಟಲವರೆಗೆ ಬಂತು, ತುಟಿ ಕಚ್ಚಿಕೊಂಡೆ, ನಿಜವಾಗಿಯೂ ಕಚ್ಚಿಕೊಂಡೆ, ಉರಿಯುತ್ತಿದೆ. ಮೇಡಂ ಗುಬ್ಬಿಯ ಲೋಟಕ್ಕೆ ಬಗ್ಗಿಸಿ, ಎಷ್ಟು ಚಮಚ ಹಾಕ್ಲಿ ಎಂದು ಕೇಳಿದರು. ಎಂಥ ಪ್ರಶ್ನೆ, ಇಲ್ಲಿ ಯಾರನ್ನಾದರೂ ಯಾರಾದರೂ ಯಾವತ್ತಾದರೂ ಇದನ್ನು ಕೇಳಿದ್ದಾರೆಯೇ, ಟೀ ಬರುವುದು ಡ್ರಮ್ಮಿನಲ್ಲಿ, ಹಾಲು ಸಕ್ಕರೆ ಎಲ್ಲ ಅಡುಗೆಮನೆಯಲ್ಲೇ ಬೆರೆತು, ನಲ್ಲಿ ತಿರುಗಿಸಿದರೆ ಎಲ್ಲರಿಗೂ ಒಂದೇ, ಬೇಕಾದವರು ಕುಡಿಯುತ್ತಾರೆ ಬೇಡವಾದವರು ಗಿಡಕ್ಕೆ ಹಾಕುತ್ತಾರೆ, ಆ ಗಿಡವೂ ಚೆನ್ನಾಗಿಯೇ ಬೆಳೆದಿತ್ತು. ಗುಬ್ಬಿ ಕಿಟಕಿಯಿಂದ ಕಣ್ಣು ತೆಗೆದಳು. ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. ತಾನೇ ಚಮಚ ಹಿಡಿದು ಒಂದು ಹಾಕಿದಳು, ಎರಡು ಹಾಕಿದಳು, ಮೂರನೆಯದನ್ನು ಗೋಪುರ ಮಾಡಿ ಹಾಕಿದಳು, ಕಲಕಿದಳು, ಟಿಣ್ ಟಿಣ್ ಟಿಣ್, ಎತ್ತಿ ಕುಡಿದಳು, ಸೊರ್ರೆಂದು, ಕಣ್ಣು ಮುಚ್ಚಿಕೊಂಡು. ಟೀ. ಗುಬ್ಬಿ ಟೀ ಕುಡಿಯುತ್ತಿದ್ದಾಳೆ, ಮೂರು ಚಮಚ ಸಕ್ಕರೆ ಹಾಕಿಕೊಂಡು, ಇವಳಿಗೆ ಟೀ ಆಗುವುದಿಲ್ಲ ಎಂದು ನನಗೆ ಹೇಳಿದವರು ಯಾರು, ಇವಳಂತೂ ಹೇಳಿಲ್ಲ, ನೆನಪು ಮಾಡಿಕೊಂಡರೆ ಯಾರೂ ಹೇಳಿಲ್ಲ, ಅಯ್ಯೋ ಎನ್ನುವುದೂ ಬಂತು, ನಗುವೂ ಬಂತು, ಎರಡೂ ಒಟ್ಟಿಗೆ ಬಂದರೆ ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಎಂದು ಈ ಮೇಡಂಗೆ ಏನು ಗೊತ್ತು.

ಈಗ ಹೇಳಿ ಅಂದರು ಮೇಡಂ, ಮೆಲ್ಲಗೆ, ಚಮಚ ಕೇಳಿದಷ್ಟೇ ಹಗುರವಾಗಿ, ಎಲ್ಲಿರ್ತೀರಿ. ಕೆಳಗೆ ಮಂಚದ ಸದ್ದು ನಿಂತಿದೆ, ಯಾರೋ ಹಗ್ಗ ಕೊಡೋ ಅನ್ನುತ್ತಿದ್ದಾರೆ, ಗುಬ್ಬಿ ಲೋಟ ಕೆಳಗಿಟ್ಟಳು, ಹೇಳೇ, ನಿನ್ನ ಕಾಲಿಗೆ ಬೀಳುತ್ತೇನೆ, ಹೇಳದಿದ್ದರೆ ಆ ದೊಡ್ಡ ಕೋಣೆಯಲ್ಲಿ ಎರಡನೆಯ ಮಂಚ ಖಾಲಿ ಬೀಳುತ್ತದೆ, ನಾನು ಯಾರ ಹತ್ತಿರ ಮಾತಾಡಲಿ, ಗೋಡೆಯ ಹತ್ತಿರವೇ, ಆಗ ಡಾಕ್ಟರು ಮತ್ತೆ ಮಾತ್ರೆ ಬರೆಯುತ್ತಾರೆ, ನೀನಿಲ್ಲದೆ ನನಗೆ ಆಗುವುದಿಲ್ಲ ಕಣೇ, ಇದನ್ನು ಒಂದು ದಿನವೂ ನಿನಗೆ ಹೇಳಿಲ್ಲ, ಊರಿಗೆಲ್ಲ ನೀನೇ ನನ್ನನ್ನು ಬಿಟ್ಟಿರಲಾರೆ ಎಂದು ಸಾರಿಕೊಂಡು ಬಂದೆ. ಅಂಗಡಿ ಮೇಲಿನ ಮನೆ — ಯಾರ ಧ್ವನಿ ಇದು, ದಪ್ಪ ಧ್ವನಿ, ಸ್ವಲ್ಪ ತುಕ್ಕು ಹಿಡಿದದ್ದು, ಗುಬ್ಬಿಯ ತುಟಿ ಅಲ್ಲಾಡುತ್ತಿದೆ, ಅಂಗಡಿ ಮೇಲಿನ ಮನೆ, ಹಿಂದಿನ ರೂಮು, ಸಣ್ಣದು, ನನಗೊಬ್ಬಳಿಗೇ. ಒಬ್ಬರೇ ಇರ್ತೀರಾ ಅಂತ ಮೇಡಂ. ಹೂಂ, ಇವಳು ದೊಡ್ಡ ರೂಮಲ್ಲಿ ಇರ್ಲಿ, ಮಧ್ಯೆ ಗೋಡೆ ಇರ್ಲಿ. ಗೋಡೆ ಯಾಕೆ ಅಂತ ಮೇಡಂ, ಅವರ ತುಟಿಯ ಮೂಲೆ ಅದುರುತ್ತಿದೆ. ಇವಳು ಇದಾಳೆ ಅಂತ ಗೊತ್ತಾಗ್ಬೇಕು, ಗುಬ್ಬಿ ಯೋಚಿಸಿದಳು, ಒಂದೊಂದೇ ಮಾತನ್ನು ಬಿಸಿಲಿಗೆ ಹಿಡಿದು ನೋಡಿದ ಹಾಗೆ, ಸದ್ದು ಕೇಳಿಸ್ಬೇಕು, ಮಾತು ಕೇಳಿಸ್ಬಾರ್ದು. ಮೇಡಂ ನಕ್ಕುಬಿಟ್ಟರು, ಕಣ್ಣಿನಲ್ಲಿ ನೀರು ಬರುವಷ್ಟು ನಕ್ಕರು, ಇಷ್ಟು ಸಾಕು, ಧಾರಾಳವಾಗಿ ಸಾಕು, ಸಂಜೆ ಒಂದೇ ಕಡೆ ಇಳೀತೀರಿ ಇಬ್ಬರೂ ಅಂದರು, ನನ್ನ ಕೆನ್ನೆಯ ಮೇಲೂ ಏನೋ ಹರಿಯುತ್ತಿದೆ, ಸಂತೋಷವೇ ಇರಬೇಕು, ಸ್ವಲ್ಪ ಕೋಪವೂ ಇದೆ, ಮಾತು ಕೇಳಿಸಬಾರದಂತೆ, ಇಷ್ಟು ವರ್ಷ ರಾತ್ರಿ ನಾನು ಮಾತಾಡುತ್ತಿದ್ದರೆ ನಿದ್ದೆ ಬಂದವಳ ಹಾಗೆ ಮಲಗಿರುತ್ತಿದ್ದಳು ಕಳ್ಳಿ, ಬರಲಿ ಸಂಜೆ, ಗೋಡೆಗೇ ಬಾಯಿ ಹಚ್ಚಿ ಮಾತಾಡುತ್ತೇನೆ, ಆ ಗಡಿಯಾರದ ಗೋಡೆ ಬಿಳಿ ಕಣೇ ಎನ್ನುವುದರಿಂದ ಶುರು ಮಾಡುತ್ತೇನೆ.

ಅಮ್ಮಾ, ಇನ್ನು ನೀವು ಬಾಯಿ ಬಿಡಬಹುದು ಅಂದರು ಮೇಡಂ. ಬಿಟ್ಟೆ, ಎಲ್ಲಿಂದ ಶುರು ಮಾಡಲಿ, ಅಷ್ಟರಲ್ಲಿ ಗುಬ್ಬಿ ನನ್ನ ಲೋಟ ಎಳೆದುಕೊಂಡು ಟೀ ಬಗ್ಗಿಸಿದಳು, ಡಬ್ಬಿಯೊಳಗೆ ಚಮಚ ಇಳಿಸಿ ತುಂಬಿಕೊಂಡು ನನ್ನ ಲೋಟದ ಮೇಲೆ ಹಿಡಿದಳು, ನಿನಗೆಷ್ಟು ಅಂದಳು. ನನಗೆಷ್ಟು. ನನಗೆ — ಲಾಂಡ್ರಿ ಅಕ್ಕನಿಗೆ ಸಕ್ಕರೆ ಕಡಿಮೆ, ಡಾಕ್ಟರಿಗೆ ಸಕ್ಕರೆಯೇ ಬೇಡ, ಅಡುಗೆಯವನಿಗೆ ಬೆಲ್ಲದ ಚೂರು ಕಡಿಯುತ್ತ ಕುಡಿಯಬೇಕು, ಎಲ್ಲರದೂ ಗೊತ್ತು, ನನಗೆಷ್ಟು, ಡ್ರಮ್ಮಿನಲ್ಲಿ ಎಷ್ಟಿರುತ್ತಿತ್ತೋ ಅಷ್ಟು, ಅದು ಎಷ್ಟು, ಅದು ನನಗೆ ಸಿಹಿಯಾಗುತ್ತಿತ್ತೋ ಚಪ್ಪೆಯಾಗುತ್ತಿತ್ತೋ, ನನಗೆಷ್ಟು ಬೇಕು, ಮೇಡಂ ಉತ್ತರ ಹೇಳಿಕೊಡುತ್ತಿಲ್ಲ, ಗುಬ್ಬಿಯೂ ನನ್ನ ಪರವಾಗಿ ಹೇಳುತ್ತಿಲ್ಲ, ಕೆಮ್ಮುತ್ತಲೂ ಇಲ್ಲ, ಚಮಚ ಹಿಡಿದುಕೊಂಡು ಕಾಯುತ್ತಿದ್ದಾಳೆ, ಅವಸರವಿಲ್ಲ ಅವಳಿಗೆ, ಅಂಚಿನಿಂದ ನಾಲ್ಕು ಹರಳು ಟೀಯೊಳಗೆ ಉದುರಿದವು, ನನಗೆ, ನನಗೆ, ಆ ಚಮಚ, ಹಬೆಯ ಮೇಲೆ ತುಂಬಿದ ಚಮಚ, ಅವಳ ದಪ್ಪ ಹೆಬ್ಬೆರಳು, ಬಿಳಿ ಸಕ್ಕರೆ, ಚಮಚ